ಪತ್ತಾಯದ ಭತ್ತ ಬಿಸಿಯಾಗಿದೆಯಾ, ಸೆನ್ಸರ್ ಕೆಟ್ಟಿದೆಯಾ? ಮಳೆಗಾಲದಲ್ಲಿ ಪತ್ತೆ ಹಚ್ಚುವ ಬಗೆ

ಹೋದ ವರ್ಷ ಪುನರ್ವಸು ಮಳೆ ಹೊಯ್ಯುವಾಗ ನಮ್ಮ ಪತ್ತಾಯದ, ಅಂದರೆ ಭತ್ತ ತುಂಬಿಡುವ ಮರದ ಪೆಟ್ಟಿಗೆಯ, ಒಂದು ಮೂಲೆಯಲ್ಲಿ ಭತ್ತ ಬಿಸಿಯಾಗಿ ಬೂಷ್ಟು ಹಿಡಿಯಿತು. ಆರು ಚೀಲ ಹೋಯಿತು. ಬೇಜಾರಿನ ವಿಷಯ ಏನೆಂದರೆ ಆ ಮೂಲೆಯಲ್ಲೇ ಉಷ್ಣತೆ ಅಳೆಯುವ ಒಂದು ಸೆನ್ಸರ್ ಇತ್ತು. ಎಂಟು ದಿನದಿಂದ ಅದು ಸರಿಯಾಗಿಯೇ ಹೇಳುತ್ತಿತ್ತು. ಅದು ಕೆಟ್ಟಿದೆ ಅಂತ ನಾನೇ ಲೆಕ್ಕದಿಂದ ತೆಗೆದು ಹಾಕಿದ್ದೆ.

ನಮ್ಮದು ಕೊಡಗಿನ ಸೋಮವಾರಪೇಟೆ ತಾಲೂಕು, ಶಾಂತಳ್ಳಿ ಹೋಬಳಿ. ಪುಷ್ಪಗಿರಿ ಕಡೆಯಿಂದ ಬರುವ ಮಳೆ ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಗೋಡೆ ಒಣಗುವುದಿಲ್ಲ. ಸುಗ್ಗಿ ಹಬ್ಬ ಹುತ್ತರಿ ಕಳೆದು ಒಕ್ಕಣೆ ಮುಗಿಸಿ ಜನವರಿಯಲ್ಲಿ ತುಂಬಿದ ಭತ್ತ ಇಂಥ ನಾಲ್ಕು ತಿಂಗಳನ್ನು ದಾಟಬೇಕು. ಈಗ ನಮ್ಮ ಕಡೆ ತುಂಬಾ ಹುಡುಗರು ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ನಾಲ್ಕು ಸೆನ್ಸರ್ ಕಟ್ಟಿ ಪತ್ತಾಯಕ್ಕೆ ಇಳಿಬಿಡುತ್ತಿದ್ದಾರೆ, ಒಳ್ಳೆಯದೇ. ಆದರೆ ಮೊಬೈಲ್‌ನಲ್ಲಿ ವಿಚಿತ್ರ ಅಂಕಿ ಬಂದಾಗ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಅಂತ ಗೊತ್ತಾಗದೆ ಫೋನ್ ಮಾಡುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಪತ್ತಾಯ ಹಲಸಿನ ಹಲಗೆಯದ್ದು. ಎಂಟು ಅಡಿ ಉದ್ದ, ಐದು ಅಡಿ ಅಗಲ, ನಾಲ್ಕು ಅಡಿ ಆಳ. ಸುಮಾರು ನಲವತ್ತು ಚೀಲ ಹಿಡಿಯುತ್ತದೆ. ಒಳಗೆ ಡಿಎಸ್18ಬಿ20 ಅನ್ನುವ ಸ್ಟೀಲ್ ಕೊಳವೆಯ ಉಷ್ಣತೆ ಸೆನ್ಸರ್ ನಾಲ್ಕು ಇವೆ. ನಡುವೆ ತೂತು ಕೊರೆದ ಪಿವಿಸಿ ಪೈಪಿನೊಳಗೆ ಗಾಳಿಯ ತೇವ ಅಳೆಯುವ ಸೆನ್ಸರ್ ಒಂದು. ಮೊದಲು ಡಿಎಚ್‌ಟಿ22 ಇತ್ತು, ಈಗ ಎಸ್‌ಎಚ್‌ಟಿ31 ಹಾಕಿದ್ದೇನೆ.

ಆ ತಪ್ಪು ಹೇಗೆ ಆಯಿತು ಅಂತ ಮೊದಲು ಹೇಳುತ್ತೇನೆ. ಜನವರಿಯಲ್ಲಿ ತುಂಬಿದ ಹೊಸತರಲ್ಲಿ ಮೂರನೇ ಸೆನ್ಸರ್ ದಿನಕ್ಕೆ ಒಂದೆರಡು ಸಲ 85 ಡಿಗ್ರಿ ಅಂತ ತೋರಿಸುತ್ತಿತ್ತು. ಭತ್ತ 85 ಡಿಗ್ರಿ ಆಗುವುದಿಲ್ಲ ಅಲ್ವಾ? ವಯರ್ ಜೋಡಣೆ ಸಡಿಲ ಇತ್ತು. ಅದನ್ನು ಸರಿಮಾಡುವ ಬದಲು ಕೋಡ್‌ನಲ್ಲಿ ಮೂರನೇ ಸೆನ್ಸರನ್ನೇ ಬಿಟ್ಟು ಉಳಿದ ಮೂರರ ಸರಾಸರಿ ತೋರಿಸುವಂತೆ ಮಾಡಿದೆ. ಜುಲೈನಲ್ಲಿ ಅದೇ ಮೂಲೆ 30, 34, 38 ಅಂತ ಏರಿ 41 ಮುಟ್ಟಿದಾಗ ಪರದೆ ಮೇಲೆ ಇದ್ದದ್ದು 23. ಅಮ್ಮ ಭತ್ತ ತೆಗೆಯಲು ಮುಚ್ಚಳ ಎತ್ತಿದವರು "ಮುಗ್ಗು ವಾಸನೆ ಬರ್ತಿದೆ, ಕೈ ಹಾಕಿ ನೋಡಿದ್ಯಾ?" ಅಂತ ಕೇಳಿದರು. ನಾನು ನೋಡಿರಲಿಲ್ಲ. ತೋಳಿನವರೆಗೆ ಕೈ ಇಳಿಸಿದೆ, ಹೊಸ ಸಗಣಿ ಗೊಬ್ಬರದ ಗುಂಡಿಗೆ ಕೈ ಹಾಕಿದ ಹಾಗೆ ಬಿಸಿ.

ಅದಕ್ಕೇ ಈಗ ನಮ್ಮ ಮನೆಯಲ್ಲಿ ಒಂದು ಕ್ರಮ ಇದೆ. ವಿಚಿತ್ರ ಅಂಕಿ ಬಂದರೆ ಮೊದಲು ಭತ್ತವನ್ನು ಅನುಮಾನಿಸಬೇಕು, ಆಮೇಲೆ ವಯರನ್ನು. ಸೆನ್ಸರ್ ಕೆಟ್ಟಿದ್ದರೆ ಇನ್ನೂರು ರೂಪಾಯಿ, ಒಂದು ವಾರ ತಡವಾದರೂ ನಡೆಯುತ್ತದೆ. ಭತ್ತ ಕೆಡುತ್ತಿದ್ದರೆ ಎರಡು ದಿನವೂ ಜಾಸ್ತಿ.

ಮೊದಲು ಹತ್ತು ನಿಮಿಷದ ಕೆಲಸ

ಮುಚ್ಚಳ ತೆಗೆದ ಕೂಡಲೇ ಮೂಸಿ. ಒಳ್ಳೆ ಭತ್ತಕ್ಕೆ ಒಣಹುಲ್ಲಿನ ವಾಸನೆ. ಮುಗ್ಗು ವಾಸನೆ ಬಂದರೆ ಬೂಷ್ಟು, ಹುಳಿ ಹುಳಿ ವಾಸನೆ ಬಂದರೆ ಹಸಿ ಭತ್ತ ಗಾಳಿಯಿಲ್ಲದೆ ಹುದುಗುತ್ತಿದೆ ಅಂತ. ಆಮೇಲೆ ಕೈ. ನಾಲ್ಕು ಮೂಲೆ, ನಡು, ಎಲ್ಲ ಕಡೆ ಮೊಣಕೈ ದಾಟುವಷ್ಟು ಇಳಿಸಿ. ಕೈ ಸಲೀಸಾಗಿ ಇಳಿಯದೆ ಭತ್ತ ಗಟ್ಟಿ ಕಟ್ಟಿದ್ದರೆ ಅದೇ ದೊಡ್ಡ ಸುಳಿವು, ಬಿಸಿ ಇಲ್ಲದಿದ್ದರೂ ಸರಿ. ಇನ್ನೂ ಆಳಕ್ಕೆ ನೋಡಬೇಕಾದರೆ ಮನೆಯಲ್ಲಿರುವ ಕಬ್ಬಿಣದ ಸಲಾಕೆ ಸಾಕು. ಕೆಳಗಿನ ತನಕ ಚುಚ್ಚಿ, ಅರ್ಧ ಗಂಟೆ ಬಿಟ್ಟು ಎಳೆದು ಕೂಡಲೇ ಅಂಗೈಯಲ್ಲಿ ಹಿಡಿದು ನೋಡಿ. ಎಲ್ಲಿ ಬೆಚ್ಚಗಿದೆಯೋ ಆ ಆಳದಲ್ಲಿ ತೊಂದರೆ ಇದೆ.

ಒಂದು ಕಾಳು ಬಾಯಲ್ಲಿ ಕಡಿದು ನೋಡುವುದನ್ನು ಅಮ್ಮ ಈಗಲೂ ಬಿಟ್ಟಿಲ್ಲ. ಕಟಕ್ ಅಂತ ಒಡೆದರೆ ಒಣಗಿದೆ, ಹಲ್ಲಿಗೆ ಮೆತ್ತಗೆ ಸಿಕ್ಕರೆ ಹಸಿ ಇದೆ. ಬೂಷ್ಟು ಕಂಡ ಭತ್ತವನ್ನು ಮಾತ್ರ ಬಾಯಿಗೆ ಹಾಕಬೇಡಿ.

ಉಪ್ಪಿನ ಪರೀಕ್ಷೆಯೂ ಸುಲಭ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಭತ್ತ ಹಾಕಿ, ಎರಡು ಮೂರು ಚಮಚ ಹುರಿದು ಆರಿಸಿದ ಉಪ್ಪು ಸೇರಿಸಿ, ಮುಚ್ಚಿ ಒಂದು ನಿಮಿಷ ಚೆನ್ನಾಗಿ ಕುಲುಕಿ ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಶೇಕಡಾ 15ಕ್ಕಿಂತ ಜಾಸ್ತಿ. ಉಪ್ಪು ಕೆಳಗೆ ಉದುರಿದ್ದರೆ 15ಕ್ಕಿಂತ ಕಡಿಮೆ. 13 ಇದೆಯಾ 14 ಇದೆಯಾ ಅಂತ ಇದು ಹೇಳುವುದಿಲ್ಲ. ಆದರೆ ಗಾಬರಿ ಪಡಬೇಕಾ ಬೇಡವಾ ಅಂತ ಹೇಳುತ್ತದೆ, ಆ ಹೊತ್ತಿಗೆ ಬೇಕಾದ್ದು ಅದೇ.

ಇಷ್ಟರಲ್ಲಿ ಏನೂ ಸಿಗದಿದ್ದರೆ ಆಗ ಸೆನ್ಸರ್ ಕಡೆ ತಿರುಗಿ.

ಅಂಕಿ ನೋಡಿ ದೋಷ ಹಿಡಿಯುವುದು

ಡಿಎಸ್18ಬಿ20 ಸೆನ್ಸರ್ ಸರಿಯಾಗಿ 85 ತೋರಿಸಿದರೆ ಅದು ಅಳತೆಯೇ ಅಲ್ಲ. ಕರೆಂಟ್ ಬಂದ ಕ್ಷಣದಲ್ಲಿ ಅದರ ನೆನಪಿನಲ್ಲಿ ಇರುವ ಮೊದಲ ಅಂಕಿ 85. ಅಳೆದು ಮುಗಿಯುವ ಮೊದಲೇ ನೀವು ಕೇಳಿದಿರಿ, ಅಥವಾ ಅಳೆಯುವ ನಡುವೆ ಕರೆಂಟ್ ತಪ್ಪಿ ಮತ್ತೆ ಬಂತು. 12 ಬಿಟ್ ಅಳತೆಗೆ, ಅಂದರೆ ಅತಿ ಸೂಕ್ಷ್ಮ ಅಳತೆಗೆ, ಅದಕ್ಕೆ 750 ಮಿಲಿಸೆಕೆಂಡ್ ತನಕ ಬೇಕು, ಅಷ್ಟು ಕಾಯುವಂತೆ ಕೋಡ್ ಬರೆಯಿರಿ. ಕಾದರೂ 85 ಬಂದರೆ ಕರೆಂಟ್ ಕೊಡುವ ಕೆಂಪು ವಯರಿನ ಜೋಡಣೆ ನೋಡಿ. ಕೆಲವರು ವಯರ್ ಉಳಿಸಲು ಕೆಂಪು ಮತ್ತು ಕಪ್ಪನ್ನು ಒಟ್ಟಿಗೆ ಕಟ್ಟಿ ಡೇಟಾ ವಯರಿನಿಂದಲೇ ಕರೆಂಟ್ ಕೊಡುತ್ತಾರೆ. ಪತ್ತಾಯದಂಥ ಕಡೆಗೆ ಅದು ಬೇಡ, ಮೂರು ವಯರ್ ಎಳೆಯಿರಿ.

ಮೈನಸ್ 127 ಬಂದರೆ ಸೆನ್ಸರ್ ಉತ್ತರವನ್ನೇ ಕೊಡುತ್ತಿಲ್ಲ. ನಮ್ಮಲ್ಲಿ ಹತ್ತರಲ್ಲಿ ಎಂಟು ಸಲ ಇಲಿ ಕಾರಣ. ವಯರನ್ನು ಮೂಲೆಯಿಂದ ಮೂಲೆಗೆ ಕಣ್ಣಿನಿಂದಲ್ಲ, ಬೆರಳಿನಿಂದ ಸವರಿ ನೋಡಿ. ಇಲಿ ಕಡಿದ ಜಾಗ ಹಲಗೆ ಸಂದಿಯಲ್ಲಿ ಇರುತ್ತದೆ, ಕಾಣುವುದಿಲ್ಲ. ಇಲಿ ಅಲ್ಲದಿದ್ದರೆ ಡೇಟಾ ವಯರಿಗೂ ಪ್ಲಸ್ಸಿಗೂ ನಡುವೆ ಹಾಕುವ 4.7 ಕಿಲೋ ಓಮ್ ರೆಸಿಸ್ಟರ್ ಬಿಟ್ಟುಹೋಗಿರಬಹುದು. ಒಂದು ಬೋರ್ಡಿನಿಂದ ನಾಲ್ಕು ದಿಕ್ಕಿಗೆ ನಾಲ್ಕು ಉದ್ದ ವಯರ್ ಎಳೆದಿದ್ದರೂ ಆಗಾಗ ಹೀಗಾಗುತ್ತದೆ. ಒಂದೇ ಉದ್ದ ವಯರ್ ಎಳೆದು ಅದರ ಮೇಲೆ ಒಂದೊಂದೇ ಸೆನ್ಸರ್ ಕಟ್ಟುವುದು ಒಳ್ಳೆಯದು.

ಇಷ್ಟು ಸುಲಭ. ಕಷ್ಟದ್ದು ನಿಜದ ಹಾಗೆ ಕಾಣುವ ಸುಳ್ಳು ಅಂಕಿ.

ಅದರಲ್ಲಿ ಮೊದಲನೆಯದು ಅಲುಗಾಡದ ಗೆರೆ. ಎರಡು ದಿನದಿಂದ ಎಲ್ಲ ಸೆನ್ಸರೂ ಒಂದೇ ಅಂಕಿ ತೋರಿಸುತ್ತಿದ್ದರೆ ಖುಷಿ ಪಡಬೇಡಿ. ಮಳೆಗೆ ಮರ ಬಿದ್ದು ಕರೆಂಟ್ ಹೋಗಿ, ಬೋರ್ಡ್ ಸತ್ತು, ಮೊಬೈಲ್ ಸುಮ್ನೆ ಕೊನೆಯ ಅಂಕಿಯನ್ನೇ ಹಿಡಿದುಕೊಂಡಿರುತ್ತದೆ. ಅಂಕಿಯ ಪಕ್ಕ ಅದು ಬಂದ ಹೊತ್ತು ಕಾಣಲೇಬೇಕು. ನಾನು ಈಗ ಆರು ಗಂಟೆ ಹಳೆಯ ಅಂಕಿಯನ್ನು ಪರದೆಯಿಂದ ಅಳಿಸಿಯೇ ಬಿಡುತ್ತೇನೆ. ಖಾಲಿ ಜಾಗ ಕಂಡರೆ ಎದ್ದು ಹೋಗಿ ನೋಡುತ್ತೇವೆ, ಹಳೆ ಅಂಕಿ ಕಂಡರೆ ನೋಡುವುದಿಲ್ಲ.

ಎರಡನೆಯದು ಸರಾಸರಿ. ಇದರ ಬಗ್ಗೆ ನನಗೆ ತುಂಬಾ ಹೇಳಬೇಕಿದೆ. 23, 24, 23, 41, ಇವುಗಳ ಸರಾಸರಿ 27.75. ಅದನ್ನು ನೋಡಿದರೆ ಯಾರೂ ಎದ್ದು ಹೋಗುವುದಿಲ್ಲ. ಭತ್ತದ ರಾಶಿ ಬಿಸಿಯನ್ನು ಬೇಗ ದಾಟಿಸುವುದಿಲ್ಲ, ಹೊಟ್ಟಿನ ನಡುವೆ ಗಾಳಿ ಸಿಕ್ಕಿಕೊಂಡು ಕಂಬಳಿಯ ಹಾಗೆ ಇರುತ್ತದೆ. ಒಂದು ಮೂಲೆ ಕುದಿಯುತ್ತಿದ್ದರೂ ಮೂರು ಅಡಿ ಆಚೆ ತಣ್ಣಗೇ ಇರುತ್ತದೆ. ಕೆಡುವುದು ಯಾವಾಗಲೂ ಒಂದು ಜಾಗದಿಂದ ಶುರು, ಸರಾಸರಿ ಆ ಜಾಗವನ್ನೇ ಮುಚ್ಚಿ ಹಾಕುತ್ತದೆ. ಅದಕ್ಕೆ ಅತಿ ಹೆಚ್ಚಿನ ಅಂಕಿ ನೋಡಿ, ಮತ್ತು ಪ್ರತಿ ಸೆನ್ಸರ್ ಹೋದ ವಾರ ಎಷ್ಟಿತ್ತು ಈಗ ಎಷ್ಟಿದೆ ಅಂತ ನೋಡಿ. ಹೊರಗಡೆ ಅದೇ ಚಳಿ ಮಳೆ ಇದ್ದು, ಒಳಗೆ ಒಂದು ಜಾಗ ವಾರದಲ್ಲಿ ಮೂರು ನಾಲ್ಕು ಡಿಗ್ರಿ ಏರಿದ್ದರೆ ಅದಕ್ಕೆ ಬೇರೆ ಕಾರಣವೇ ಇಲ್ಲ, ಅಲ್ಲಿ ಯಾವುದೋ ಜೀವ ಉಸಿರಾಡುತ್ತಿದೆ. ಭತ್ತವೋ, ಬೂಷ್ಟೋ, ಹುಳುವೋ.

ಮೂರನೆಯದು ಹಗಲು ರಾತ್ರಿಯ ಏರಿಳಿತ. ಭತ್ತದೊಳಗೆ ಒಂದೂವರೆ ಎರಡು ಅಡಿ ಹೂತ ಸೆನ್ಸರಿಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ, ಗೆರೆ ಹೆಚ್ಚುಕಡಿಮೆ ಸಮವಾಗಿ ಇರಬೇಕು. ಮಧ್ಯಾಹ್ನ ಏರಿ ಬೆಳಗಿನ ಜಾವ ಇಳಿಯುತ್ತಿದ್ದರೆ ಸೆನ್ಸರ್ ಕೆಟ್ಟಿಲ್ಲ, ಅದು ಭತ್ತದಲ್ಲಿ ಇಲ್ಲ. ಊಟಕ್ಕೆ ಭತ್ತ ತೆಗೆಯುತ್ತಾ ತೆಗೆಯುತ್ತಾ ಮಟ್ಟ ಇಳಿದು ಸೆನ್ಸರ್ ಹೊರಗೆ ಬಂದಿರುತ್ತದೆ, ಅಷ್ಟೆ. ನಮ್ಮಲ್ಲಿ ಪ್ರತಿ ಜೂನ್‌ನಲ್ಲೂ ಹೀಗಾಗುತ್ತದೆ. ಕೆಳಗೆ ಇಳಿಸಿ.

ತೇವದ ಸೆನ್ಸರ್ 99.9ರಲ್ಲಿ ನಿಂತರೆ

ಮಳೆಗಾಲದಲ್ಲಿ ಜಾಸ್ತಿ ಜನ ಕೇಳುವುದು ಇದನ್ನೇ. ಡಿಎಚ್‌ಟಿ22 ಮೇಲೆ ಒಮ್ಮೆ ನೀರು ಕಟ್ಟಿದರೆ ಅದು 99.9 ಅಂತ ಹಿಡಿದು ಕೂರುತ್ತದೆ. ಆದರೆ ಭತ್ತ ನಿಜವಾಗಿಯೂ ಒದ್ದೆಯಾಗಿದ್ದರೂ ಅದೇ ಅಂಕಿ ಬರುತ್ತದೆ. ಎರಡನ್ನೂ ಬೇರೆ ಮಾಡಬೇಕು.

ಸೆನ್ಸರನ್ನು ಹೊರತೆಗೆದು ಒಲೆ ಇರುವ ಕೋಣೆಯಲ್ಲಿ, ಬೆಂಕಿಯಿಂದ ದೂರ, ಒಂದು ದಿನ ತೂಗು ಹಾಕಿ. ಅಂಕಿ ಇಳಿದರೆ ಸೆನ್ಸರ್ ಬದುಕಿದೆ. ಇಳಿಯದಿದ್ದರೆ ಬಿಸಾಡಿ. ಎಸ್‌ಎಚ್‌ಟಿ31ರಲ್ಲಿ ಒಳಗೇ ಒಂದು ಪುಟ್ಟ ಹೀಟರ್ ಇದೆ, ಕೋಡ್‌ನಿಂದ ಅದನ್ನು ಸ್ವಲ್ಪ ಹೊತ್ತು ಹಾಕಿದರೆ ತೇವದ ಅಂಕಿ ಇಳಿಯಲೇಬೇಕು. ಇಳಿಯದಿದ್ದರೆ ಸೆನ್ಸರೇ ಕೆಟ್ಟಿದೆ.

ಬದುಕಿದ್ದರೂ ಸರಿ ಹೇಳುತ್ತಿದೆಯಾ ಅಂತ ನೋಡಲು ಅಡುಗೆಮನೆಯ ಉಪ್ಪೇ ಸಾಕು. ಅಗಲ ಬಾಯಿಯ ಗಾಜಿನ ಡಬ್ಬಿಯಲ್ಲಿ ಐದಾರು ಚಮಚ ಉಪ್ಪು ಹಾಕಿ. ಒದ್ದೆ ಮರಳಿನ ಹದಕ್ಕೆ ಬರುವಷ್ಟೇ ನೀರು ಹಾಕಿ, ಉಪ್ಪು ಕರಗಿ ಹೋಗಬಾರದು. ಸೆನ್ಸರನ್ನು ಉಪ್ಪಿಗೆ ತಾಗದಂತೆ ಮೇಲೆ ತೂಗುಬಿಟ್ಟು, ಮುಚ್ಚಳದ ಸಂದಿಗೆ ಟೇಪ್ ಸುತ್ತಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗಿನ ಗಾಳಿಯ ತೇವ ಶೇಕಡಾ 75 ಇರುತ್ತದೆ. ನಮ್ಮೂರಲ್ಲೂ ಅಷ್ಟೇ, ಮಂಗಳೂರಲ್ಲೂ ಅಷ್ಟೇ, ಅದು ಉಪ್ಪಿನ ಗುಣ. ಸೆನ್ಸರ್ 73ರಿಂದ 77ರ ಒಳಗೆ ಇದ್ದರೆ ಚೆನ್ನಾಗಿದೆ. 81 ತೋರಿಸಿದರೆ ಕೋಡ್‌ನಲ್ಲಿ 6 ಕಳೆಯಿರಿ, ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. 90 ತೋರಿಸಿದರೆ ತಿದ್ದುವ ಗೋಜು ಬೇಡ, ಹೊಸದು ತನ್ನಿ. ಡಿಎಚ್‌ಟಿ11 ಅನ್ನುವ ನೀಲಿ ಡಬ್ಬಿಯದು ಅಗ್ಗ ಅಂತ ತರಬೇಡಿ, ಅದರ ತಪ್ಪು 5ರಷ್ಟು ಇರುತ್ತದೆ, ನಮ್ಮ ಇಡೀ ಲೆಕ್ಕವೇ ಐದರ ಒಳಗೆ ನಡೆಯುತ್ತದೆ.

ಉಷ್ಣತೆಯ ಸ್ಟೀಲ್ ಸೆನ್ಸರನ್ನು ಪುಡಿ ಮಾಡಿದ ಐಸ್ ಮತ್ತು ಸ್ವಲ್ಪ ನೀರಿನಲ್ಲಿ ಮುಳುಗಿಸಿ. ಸೊನ್ನೆಯ ಅರ್ಧ ಡಿಗ್ರಿ ಆಚೀಚೆ ಬರಬೇಕು. ಕುದಿಯುವ ನೀರಿನಲ್ಲಿ ನೋಡುವವರು ಒಂದು ತಿಳಿದುಕೊಳ್ಳಿ, ಮಡಿಕೇರಿಯ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 96 ಡಿಗ್ರಿಗೆ. 100 ಬರಲಿಲ್ಲ ಅಂತ ಒಳ್ಳೆ ಸೆನ್ಸರನ್ನು ಬಿಸಾಡಿದವರು ಇದ್ದಾರೆ. ತೇವದ ಸೆನ್ಸರನ್ನು ಮಾತ್ರ ನೀರಿಗೆ ಮುಳುಗಿಸಲೇಬೇಡಿ.

ಗಾಳಿಯ ತೇವ ಬೇರೆ, ಭತ್ತದ ತೇವ ಬೇರೆ

ಫೋನ್‌ನಲ್ಲಿ ಒಬ್ಬರು "ಅಣ್ಣ, ನಮ್ಮ ಭತ್ತದಲ್ಲಿ ಎಪ್ಪತ್ತು ಪರ್ಸೆಂಟ್ ನೀರಿದೆಯಂತೆ" ಅಂತ ಹೆದರಿ ಕೇಳಿದ್ದರು. ಅದು ಕಾಳುಗಳ ನಡುವಿನ ಗಾಳಿಯ ತೇವ, ಕಾಳಿನೊಳಗಿನ ನೀರು ಅಲ್ಲ. ಆದರೆ ಎರಡಕ್ಕೂ ಸಂಬಂಧ ಇದೆ. ಮುಚ್ಚಿದ ರಾಶಿಯಲ್ಲಿ ಕಾಳು ಮತ್ತು ಗಾಳಿ ಒಂದಕ್ಕೊಂದು ಹೊಂದಿಕೊಂಡು ನಿಲ್ಲುತ್ತವೆ. 25 ಡಿಗ್ರಿಯ ಆಸುಪಾಸಿನಲ್ಲಿ ಗಾಳಿಯ ತೇವ ಶೇಕಡಾ 60 ಇದ್ದರೆ ಭತ್ತದ ತೇವಾಂಶ ಸುಮಾರು 12, 70 ಇದ್ದರೆ ಸುಮಾರು 13, 75 ಇದ್ದರೆ 14, 80 ದಾಟಿದರೆ 15, 90ಕ್ಕೆ ಹೋದರೆ 17ಕ್ಕೂ ಮೇಲೆ. ನನಗೆ 70 ಗಡಿ. ಅದನ್ನು ದಾಟಿದರೆ ಬೂಷ್ಟಿಗೆ ಬಾಗಿಲು ತೆರೆದ ಹಾಗೆ.

ಎಷ್ಟು ಒಣಗಿಸಬೇಕು ಅನ್ನುವುದಕ್ಕೆ ಫಿಲಿಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಲೆಕ್ಕ ನೆನಪಿಡಲು ಸುಲಭ. ಕೆಲವು ವಾರ, ಒಂದೆರಡು ತಿಂಗಳಿಗೆ ಶೇಕಡಾ 14, ಎಂಟರಿಂದ ಹನ್ನೆರಡು ತಿಂಗಳಿಗೆ 13, ವರ್ಷ ದಾಟಿಸುವ ಬೀಜಕ್ಕೆ 9. ಸರ್ಕಾರಿ ಖರೀದಿ ಕೇಂದ್ರದಲ್ಲಿ ಶೇಕಡಾ 17ರ ತನಕ ತೆಗೆದುಕೊಳ್ಳುತ್ತಾರೆ, ಅದನ್ನು ಕೇಳಿ 17 ಇದ್ದರೂ ನಡೆಯುತ್ತದೆ ಅಂದುಕೊಳ್ಳಬೇಡಿ. ಅದು ಮಾರುವ ದಿನದ ಲೆಕ್ಕ. ಹುತ್ತರಿಯಿಂದ ಮಳೆಯ ಕಕ್ಕಡ ತಿಂಗಳು ದಾಟಿಸಿ ಇಡುವ ಲೆಕ್ಕ ಅಲ್ಲ.

ಕೈಯಲ್ಲಿ ಹಿಡಿಯುವ ತೇವಾಂಶ ಮೀಟರ್ ಒಂದು ಹೇಳುತ್ತದೆ, ಸೆನ್ಸರ್ ಇನ್ನೊಂದು ಹೇಳುತ್ತದೆ ಅನ್ನುವ ದೂರಿಗೆ ನಮ್ಮ ಕೊಡಗಿನಲ್ಲಿ ಒಂದು ಕಾರಣ ಮೇಲಿಂದ ಮೇಲೆ ಸಿಗುತ್ತದೆ. ಮೀಟರ್ ತಂದಿರುವುದು ಕಾಫಿಗೆ. ಒಳಗೆ ಕಾಫಿ, ಮೆಣಸು, ಭತ್ತ, ಅಕ್ಕಿ ಒಂದೊಂದಕ್ಕೂ ಬೇರೆ ನಂಬರ್ ಇರುತ್ತದೆ. ಕಾಫಿಯ ನಂಬರಿನಲ್ಲೇ ಭತ್ತ ಅಳೆದರೆ, ಅಥವಾ ಭತ್ತಕ್ಕೆ ಅಕ್ಕಿಯ ನಂಬರ್ ಹಾಕಿದರೆ ಬರುವ ಅಂಕಿಗೆ ಬೆಲೆ ಇಲ್ಲ. ಕಣದಿಂದ ಬಿಸಿಬಿಸಿ ತಂದು ಅಳೆದರೂ ತಪ್ಪು ಬರುತ್ತದೆ. ಒಣಗಿಸಿದ ದಿನವೇ ಅಳೆದರೆ ಇನ್ನೂ ಮೋಸ, ಹೊರಗಿನ ಸಿಪ್ಪೆ ಒಣಗಿರುತ್ತದೆ, ಕಾಳಿನ ನಡುವೆ ಹಸಿ ಇರುತ್ತದೆ, ಮೀಟರ್ 12 ಅನ್ನುತ್ತದೆ, ಮಾರನೇ ದಿನ ಅದೇ ಭತ್ತ 14. ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು ಅಳೆಯಿರಿ. ಐದು ಸಲ ಅಳೆದು ನೋಡಿ, ಬೇರೆ ಬೇರೆ ಜಾಗದ್ದು.

ಯಾವ ಮೀಟರನ್ನೂ ನಂಬಲಾಗದಿದ್ದರೆ ತಕ್ಕಡಿ ಇದೆ. ಇದು ನನಗೆ ತುಂಬಾ ಇಷ್ಟವಾದ ಉಪಾಯ. ತುಂಬುವ ದಿನವೇ ಅದೇ ಭತ್ತದಿಂದ ಸರಿಯಾಗಿ ಒಂದು ಕಿಲೋ ತೂಗಿ ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ, ದಾರ ಹೊರಗೆ ಬಿಟ್ಟು, ಅನುಮಾನದ ಮೂಲೆಯಲ್ಲಿ ಹೂತುಬಿಡಿ. ನಾನು ಇದಕ್ಕೆ ಸಾಕ್ಷಿ ಚೀಲ ಅನ್ನುತ್ತೇನೆ. ಹದಿನೈದು ದಿನಕ್ಕೊಮ್ಮೆ ಎಳೆದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಬಟ್ಟೆಯ ತೂಕ ಕಳೆದು ನೋಡಿ. ಶೇಕಡಾ 13ರಲ್ಲಿ ಕಟ್ಟಿದ ಭತ್ತ 14ಕ್ಕೆ ಹೋದರೆ ತೂಕ ಸುಮಾರು 1012 ಗ್ರಾಂ, 16ಕ್ಕೆ ಹೋದರೆ 1036. ತೂಕ ಏರಿದ್ದರೆ ಭತ್ತ ನೀರು ಕುಡಿದಿದೆ, ಅದಕ್ಕೆ ಎದುರು ಮಾತಿಲ್ಲ. ಕರೆಂಟ್ ಬೇಡ, ನೆಟ್‌ವರ್ಕ್ ಬೇಡ. ತೂಕ ಇಳಿಯುತ್ತಿದ್ದರೆ ಮಾತ್ರ ಚೀಲ ಬಿಚ್ಚಿ ನೋಡಿ, ಹುಳು ತಿನ್ನುತ್ತಿರಬಹುದು.

ಭತ್ತವೇ ಕೆಡುತ್ತಿದೆ ಅಂತ ಗೊತ್ತಾದ ಮೇಲೆ

ಎಲ್ಲಿ ಕೆಟ್ಟಿದೆ ಅನ್ನುವುದೇ ಯಾಕೆ ಕೆಟ್ಟಿದೆ ಅಂತ ಹೇಳುತ್ತದೆ.

ಮೇಲಿನ ಪದರ ಮಾತ್ರ ಒದ್ದೆ, ಕೆಳಗೆಲ್ಲ ಒಣ. ಹಾಗಿದ್ದರೆ ಮೊದಲು ತಲೆ ಎತ್ತಿ ಹೆಂಚು ನೋಡಿ, ಮಂಗ ಸರಿಸಿರಬಹುದು. ಹೆಂಚು ಸರಿ ಇದ್ದರೆ ಅದು ಜನವರಿಯ ತಪ್ಪು. ಕಣದಲ್ಲಿ ಮಧ್ಯಾಹ್ನದ ಬಿಸಿಲು ಕುಡಿದ ಭತ್ತವನ್ನು ಹಾಗೇ ಸುರಿದು ಮುಚ್ಚಿದರೆ, ರಾತ್ರಿಯ ಚಳಿಗೆ ಹಲಗೆ ತಣ್ಣಗಾಗುತ್ತದೆ, ಒಳಗಿನ ಬಿಸಿ ಗಾಳಿ ಮೇಲೇರಿ ಅಲ್ಲಿ ನೀರಾಗಿ ಮೇಲಿನ ಭತ್ತಕ್ಕೆ ಇಳಿಯುತ್ತದೆ. ಹೊರಗಿನಿಂದ ಒಂದು ಹನಿ ಬರದಿದ್ದರೂ ಮೇಲ್ಪದರ ಒದ್ದೆ. ತುಂಬುವ ಮೊದಲು ಸೂರಿನ ಕೆಳಗೆ, ಇಬ್ಬನಿ ಬೀಳದ ಕಡೆ, ಒಂದು ರಾತ್ರಿ ಹರಡಿ ಆರಿಸಿ.

ಗೋಡೆಯ ಪಕ್ಕ ಅಥವಾ ತಳದ ಮೂಲೆ ಕೆಟ್ಟಿದ್ದರೆ ಗೋಡೆಯೇ ಕಾರಣ. ನಮ್ಮದು ಹಾಗೇ ಆದದ್ದು. ಪಡುವಣ ಗೋಡೆಗೆ ಎರಚಲು ಹೊಡೆದು ಹೊಡೆದು ಮಣ್ಣು ನೀರು ಕುಡಿದಿತ್ತು, ಪತ್ತಾಯ ಗೋಡೆಗೆ ಅಂಟಿಕೊಂಡಿತ್ತು, ಹಲಗೆ ಆ ನೀರನ್ನು ಭತ್ತಕ್ಕೆ ದಾಟಿಸಿತು.

ನಡುವೆ, ಒಣಗಿದ ಭತ್ತದಲ್ಲಿ, ಒಂದು ಜಾಗ ಮಾತ್ರ ಬಿಸಿ ಇದ್ದರೆ ಹುಳು ಹುಡುಕಿ. ಒಂದು ಮೊರ ಭತ್ತ ತೆಗೆದು ಕೇರಿದರೆ ಕಾಣುತ್ತದೆ. ಉದ್ದ ಮೂತಿಯ ಕಂದು ಹುಳು, ಹಿಟ್ಟು ಉದುರಿಸುವ ಕೊರಕ, ಮುಚ್ಚಳ ತೆಗೆದರೆ ಹಾರುವ ಚಿಕ್ಕ ಬೂದು ಪತಂಗ. ಹುಳುವಿನ ಬಿಸಿ 40, 42 ಡಿಗ್ರಿಯ ಹತ್ತಿರ ನಿಲ್ಲುತ್ತದೆ, ಅದಕ್ಕಿಂತ ಬಿಸಿಯಾದರೆ ಅವಕ್ಕೇ ತಡೆಯುವುದಿಲ್ಲ, ಪಕ್ಕಕ್ಕೆ ಹೋಗುತ್ತವೆ. ಬೂಷ್ಟಿನ ಬಿಸಿ ಅಲ್ಲಿಗೆ ನಿಲ್ಲದೆ ಇನ್ನೂ ಮೇಲೇರಬಹುದು. ಹುಳು ಉಸಿರಾಡಿ ಬಿಟ್ಟ ತೇವದಿಂದಲೇ ಬೂಷ್ಟು ಬರುತ್ತದೆ, ಆದ್ದರಿಂದ ಎರಡೂ ಒಟ್ಟಿಗೆ ಸಿಕ್ಕಿದರೆ ಆಶ್ಚರ್ಯ ಬೇಡ.

ಎಲ್ಲ ಕಡೆ ಸಮವಾಗಿ 15, 16 ಇದೆ ಅಂದರೆ ತುಂಬುವಾಗಲೇ ಹಸಿ ಇತ್ತು, ಅಥವಾ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟಿದ್ದೀರಿ. ಗಾಳಿ ಆಡಲಿ ಅಂತ ತೆರೆದಿಡುವವರು ಜಾಸ್ತಿ. ಜುಲೈನಲ್ಲಿ ಹೊರಗಿನ ಗಾಳಿಯ ತೇವ 95 ಇರುವಾಗ ಒಳಗಿನ 68ರ ಭತ್ತಕ್ಕೆ ಆ ಗಾಳಿ ಯಾಕೆ? ಹೊರಗೆ ಒಳಗಿಗಿಂತ ಒಣ ಇದ್ದು, ತಂಪೂ ಇದ್ದರೆ ಮಾತ್ರ ತೆರೆಯಿರಿ. ನಮ್ಮ ಭಾವನ ಮನೆ ಹೆಬ್ಬಾಲೆಯಲ್ಲಿ, ಹಾರಂಗಿ ನೀರಿನ ಬಯಲು, ಮಳೆ ಕಡಿಮೆ. ಅವರಿಗೆ ಮಳೆಗಾಲದಲ್ಲೂ ತೆರೆಯುವ ದಿನಗಳು ಸಿಗುತ್ತವೆ. ನಮಗೆ ಸಿಗುವುದಿಲ್ಲ. ಒಂದೇ ತಾಲೂಕಾಗಿದ್ದ ಊರುಗಳಲ್ಲೂ ಹೀಗೆ, ಅದಕ್ಕೆ ಇನ್ನೊಬ್ಬರ ಅಭ್ಯಾಸವನ್ನು ಹಾಗೇ ತರಬೇಡಿ, ಹೊರಗೊಂದು ತೇವದ ಸೆನ್ಸರ್ ಹಾಕಿ ಒಳಗಿನದಕ್ಕೆ ಹೋಲಿಸಿ.

ಈಗ ಮಾಡಬೇಕಾದ್ದು. ಮೂಗಿಗೆ ಬಾಯಿಗೆ ಬಟ್ಟೆ ಕಟ್ಟಿ, ಬೂಷ್ಟಿನ ದೂಳು ಎದೆಗೆ ಒಳ್ಳೆಯದಲ್ಲ. ಕೆಟ್ಟ ಭತ್ತವನ್ನು ಸುತ್ತಲಿನ ಒಂದು ಅಡಿ ಒಳ್ಳೆ ಭತ್ತದ ಸಮೇತ ತೆಗೆಯಿರಿ, ರಾಶಿಗೆ ಕಲಸಿ ಸರಿಹೋಗುತ್ತದೆ ಅಂತ ನೋಡಬೇಡಿ. ಬೂಷ್ಟು ಹಿಡಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ದನಕ್ಕೆ, ಕೋಳಿಗೆ ಹಾಕಬೇಡಿ. ಬೂಷ್ಟು ಬಿಡುವ ಕೆಲವು ವಿಷ ಬೇಯಿಸಿದರೂ ಹೋಗುವುದಿಲ್ಲ, ಹಾಲಿನಲ್ಲೂ ಇಳಿದು ಬರುತ್ತದೆ. ಆರು ಚೀಲ ಗುಂಡಿಗೆ ಸುರಿಯುವಾಗ ಅಮ್ಮನ ಮುಖ ನೋಡಲು ನನಗೆ ಆಗಲಿಲ್ಲ, ಆದರೂ ಸುರಿದೆವು.

ಬೂಷ್ಟಿಲ್ಲದೆ ಬರೀ ಹಸಿ ಇರುವುದನ್ನು ಒಣಗಿಸಬಹುದು. ಕಾಫಿ ಒಣಗಿಸುವ ಪಾಲಿಹೌಸ್ ಅಕ್ಕಪಕ್ಕದಲ್ಲಿ ಯಾರಿಗಾದರೂ ಇದ್ದರೆ ಕೇಳಿ, ಮಳೆಗಾಲದಲ್ಲಿ ಅದು ಖಾಲಿ ಇರುತ್ತದೆ. ಇಲ್ಲದಿದ್ದರೆ ಒಲೆಯ ಕೋಣೆಯಲ್ಲಿ ಎರಡು ಮೂರು ಬೆರಳು ದಪ್ಪಕ್ಕೆ ಹರಡಿ ಫ್ಯಾನ್ ಹಾಕಿ, ಗಂಟೆಗೊಮ್ಮೆ ಕಾಲಿನಿಂದ ಗೆರೆ ಎಳೆದು ತಿರುವಿ. ಬೀಜದ ಭತ್ತ 43 ಡಿಗ್ರಿ ದಾಟಬಾರದು, ಮೊಳಕೆ ಸಾಯುತ್ತದೆ. ಶೇಕಡಾ 18ರ ನೂರು ಕಿಲೋ 13ಕ್ಕೆ ಬರುವಾಗ 94 ಕಿಲೋ ಚಿಲ್ಲರೆ ಆಗುತ್ತದೆ, ಹೋದದ್ದು ನೀರು. ಎಷ್ಟು ಒಣಗಿತು ಅಂತ ತಕ್ಕಡಿಯಲ್ಲೇ ನೋಡುತ್ತಾ ಹೋಗಬಹುದು.

ಹುಳುವಿಗೆ ಮಾತ್ರೆ ಇಡುತ್ತೇನೆ ಅನ್ನುವವರಿಗೆ ಕೈ ಮುಗಿದು ಹೇಳುತ್ತೇನೆ, ಜನ ಮಲಗುವ ಮನೆಯೊಳಗೆ ಅಲ್ಯೂಮಿನಿಯಂ ಫಾಸ್ಫೈಡ್ ಬೇಡವೇ ಬೇಡ. ಅದರಿಂದ ಬರುವ ಫಾಸ್ಫೀನ್ ಅನಿಲ ಹಲಗೆ ಸಂದಿಯಿಂದ ಕೋಣೆಗೆ ಬರುತ್ತದೆ, ಮನುಷ್ಯರನ್ನು ಕೊಲ್ಲುತ್ತದೆ. ಚೆನ್ನಾಗಿ ಒಣಗಿದ ಭತ್ತವನ್ನು ಗಾಳಿ ಆಡದ ದಪ್ಪ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಒಳಗಿನ ಆಮ್ಲಜನಕ ಮುಗಿದು ಹುಳು ತಾನಾಗಿಯೇ ಸಾಯುತ್ತದೆ. ಆದರೆ ಹಸಿ ಭತ್ತವನ್ನು ಅದರಲ್ಲಿ ಕಟ್ಟಬೇಡಿ, ಹುಳಿ ಬರುತ್ತದೆ. ಮನೆಯಲ್ಲಿ ಬಗೆಹರಿಯದ್ದನ್ನು ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದವರ ಹತ್ತಿರ, ಮುಚ್ಚಿದ ಡಬ್ಬಿಯಲ್ಲಿ ಸ್ವಲ್ಪ ಭತ್ತ ತೆಗೆದುಕೊಂಡು ಹೋಗಿ ಕೇಳಿ.

ನಾವು ಈ ಬೇಸಿಗೆಯಲ್ಲಿ ಪತ್ತಾಯ ಖಾಲಿ ಮಾಡಿ ಗೋಡೆಯಿಂದ ಒಂದು ಅಡಿ ಈಚೆಗೆ ಎಳೆದೆವು, ಕೆಳಗೆ ನಾಲ್ಕು ಕಲ್ಲು ಕೊಟ್ಟೆವು, ಈಗ ಟಾರ್ಚ್ ಹಿಡಿದು ಹಿಂದೆ ನೋಡಬಹುದು. ಮೂರನೇ ಸೆನ್ಸರಿನ ಜೋಡಣೆಯನ್ನು ಬೆಸುಗೆ ಹಾಕಿ, ಮೇಲೆ ರಬ್ಬರ್ ಕೊಳವೆ ಸುತ್ತಿ, ಅದೇ ಮೂಲೆಯಲ್ಲಿ ಮತ್ತೆ ಹೂತಿದ್ದೇನೆ. 85 ಮತ್ತು ಮೈನಸ್ 127 ಬಂದರೆ ಕೋಡ್ ಆ ಒಂದು ಅಂಕಿಯನ್ನು ಮಾತ್ರ ಬಿಡುತ್ತದೆ, ಸೆನ್ಸರನ್ನಲ್ಲ, ಮತ್ತು ದಿನಕ್ಕೆ ಎಷ್ಟು ಸಲ ಬಿಟ್ಟೆ ಅಂತ ಕೆಂಪು ಅಕ್ಷರದಲ್ಲಿ ತೋರಿಸುತ್ತದೆ. ನಿನ್ನೆ ಅದು ಸೊನ್ನೆ ಇತ್ತು. ಸಾಕ್ಷಿ ಚೀಲ 1004 ಗ್ರಾಂ. ಅಮ್ಮ ಬೆಳಿಗ್ಗೆ ಭತ್ತ ತೆಗೆಯುವಾಗ ಆ ಮೂಲೆಗೆ ಕೈ ಇಳಿಸಿಯೇ ಮುಚ್ಚಳ ಹಾಕುತ್ತಾರೆ.